ಏಪ್ರಿಲ್ ಸೆಕೆಯಲ್ಲಿ ನಾಯಿಯನ್ನು ಮರವಂತೆ ಕಡಲಿಗೆ ಕರೆದೊಯ್ಯುವಾಗ ಏನೇನು ಎಚ್ಚರ ಬೇಕು?

ಪ್ರಶ್ನೆ: ರಾಜಾಜಿನಗರದ ಲ್ಯಾಬ್ ಮನೆ

ನಮ್ಮ ಮನೆಯ ಲ್ಯಾಬ್ರಡಾರ್ ಹೆಣ್ಣುನಾಯಿಗೆ ಈಗ ನಾಲ್ಕು ವರ್ಷ, ತೂಕ ಸುಮಾರು 30 ಕಿಲೋ. ಏಪ್ರಿಲ್ ಕೊನೆಯ ವಾರ ಮಕ್ಕಳಿಗೆ ರಜೆ ಇರುವುದರಿಂದ ಕುಂದಾಪುರದ ಬಳಿ ಉಳಿದುಕೊಂಡು ಒಂದು ಇಡೀ ದಿನವನ್ನು ಮರವಂತೆಯ ಕಡಲ ತೀರದಲ್ಲಿ ಕಳೆಯಬೇಕೆಂದಿದ್ದೇವೆ. ಸಂಬಂಧಿಕರ ತೋಟದ ಕೃಷಿಹೊಂಡದಲ್ಲಿ ಅವಳು ಚೆನ್ನಾಗಿ ಈಜುತ್ತಾಳೆ, ಆದ್ದರಿಂದ ಮುಳುಗುವ ಭಯ ನಮಗೆ ಅಷ್ಟಾಗಿ ಇಲ್ಲ. ಆದರೆ ಸಮುದ್ರವನ್ನು ಅವಳು ಇದುವರೆಗೆ ಕಂಡಿಲ್ಲ. ಉಪ್ಪುನೀರು, ಬಿಸಿಲು, ಬೀದಿನಾಯಿಗಳು, ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ತಮ್ಮನ ಮನೆಯ ಪಗ್ ಕೂಡ ನಮ್ಮೊಂದಿಗೆ ಬರುವ ಸಂಭವವಿದೆ.

ಉತ್ತರ: ಕಡಲತಡಿಯವನು, ಬೈಂದೂರು ತಾಲೂಕು

ಹೊಂಡದಲ್ಲಿ ಈಜುವ ನಾಯಿ ಕಡಲಿನಲ್ಲಿಯೂ ಈಜೀತು ಎಂಬ ನಂಬಿಕೆಯನ್ನು ಮೊದಲು ಬಿಡಬೇಕಾಗಿ ವಿನಂತಿ. ಮರವಂತೆಯಲ್ಲಿ ಅಲೆ ದಡಕ್ಕೆ ಬಡಿದು ಹಿಂದಿರುಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಕೊರೆತ ತಡೆಯಲು ಹಾಕಿರುವ ಬಂಡೆಗಳ ಸಾಲಿಗೆ ನಾಯಿ ಅಪ್ಪಳಿಸಿದರೆ ಅಥವಾ ಎರಡು ಬಂಡೆಗಳ ಸಂದಿನಲ್ಲಿ ಕಾಲು ಸಿಕ್ಕಿದರೆ ಇಳಿದು ಬಿಡಿಸುವುದು ಮನುಷ್ಯನಿಗೂ ಅಪಾಯ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಕದಡಿದ ಬಣ್ಣದಲ್ಲಿ ಕಂಡರೆ ಅದು ಸುರಕ್ಷಿತ ಜಾಗವಲ್ಲ, ಒಳಕ್ಕೆ ಸೆಳೆಯುವ ಜಾಗ. ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರವಂತೂ ಇಳಿತದ ವೇಳೆ ಯಾವ ಪ್ರಾಣಿಯನ್ನೂ ನೀರಿಗೆ ಬಿಡಬಾರದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಏರಿಳಿತ ಇನ್ನೂ ಜೋರಾಗಿರುತ್ತದೆ. ಕುತ್ತಿಗೆಯ ಬೆಲ್ಟಿನ ಬದಲು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ, ಅದಕ್ಕೆ ಉದ್ದನೆಯ ಹಗ್ಗ ಕಟ್ಟಿ, ಮೊಣಕಾಲುದ್ದದ ನೀರಿನವರೆಗೆ ಮಾತ್ರ ಬಿಟ್ಟರೆ ಸಾಕು. ಹಗ್ಗ ಇನ್ನೊಂದು ಕಾರಣಕ್ಕೂ ಬೇಕು: ಅಲ್ಲಿ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ತಾಗಿಕೊಂಡೇ ಹೋಗುತ್ತದೆ. ನನ್ನನ್ನು ಕೇಳಿದರೆ ಸಮುದ್ರಕ್ಕಿಂತ ಆ ರಸ್ತೆಗೇ ಹೆಚ್ಚು ಹೆದರಬೇಕು.

ಜಾಗ ಬದಲಾಯಿಸುವ ಯೋಚನೆ ಬಂದರೆ ತಿಳಿದಿರಲಿ ಎಂದು ಒಂದು ಮಾತು. ಪಡುಬಿದ್ರಿ ಮತ್ತು ಹೊನ್ನಾವರ ಬಳಿಯ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ದೊರೆಯಿತು, ಆ ಮಾನ್ಯತೆಯ ನಿಯಮಗಳೇ ಸಾಕುಪ್ರಾಣಿಗಳ ಪ್ರವೇಶವನ್ನು ಬಿಗಿಯಾಗಿ ನಿಯಂತ್ರಿಸಬೇಕೆನ್ನುತ್ತವೆ. ಆದ್ದರಿಂದ ಅಲ್ಲಿಗೆ ವಿಚಾರಿಸದೆ ಹೋಗಬೇಡಿ.

ಉತ್ತರ: ಪಶುವೈದ್ಯೆ, ಶಿವಮೊಗ್ಗ

ನಿಮ್ಮ ಪ್ರಶ್ನೆಗೆ ನೇರವಾದ ಉತ್ತರವೆಂದರೆ, ಮೊದಲು ಹೆದರಬೇಕಾದದ್ದು ಸೆಕೆಗೆ, ಆಮೇಲೆ ನಾಯಿ ಬಾಯಿಗೆ ಹಾಕಿಕೊಳ್ಳುವ ವಸ್ತುಗಳಿಗೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತಾ, ಬಾಯಿ ಮತ್ತು ಶ್ವಾಸನಾಳದ ತೇವ ಆವಿಯಾಗುವುದರಿಂದಲೇ ಅದು ಮೈಯನ್ನು ತಂಪಾಗಿಸಿಕೊಳ್ಳುತ್ತದೆ. ಕರಾವಳಿಯ ಏಪ್ರಿಲ್ ತಿಂಗಳ ಗಾಳಿಯಲ್ಲಿ ತೇವಾಂಶ ಮೊದಲೇ ತುಂಬಿರುವುದರಿಂದ ಈ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಂಗಳೂರಿನ 34 ಡಿಗ್ರಿಯನ್ನು ಸಹಿಸಿಕೊಂಡ ನಾಯಿ ಕುಂದಾಪುರದ 33 ಡಿಗ್ರಿಗೆ ಕುಸಿಯುವುದು ಇದೇ ಕಾರಣಕ್ಕೆ. ಆದ್ದರಿಂದ ಇಡೀ ದಿನದ ಯೋಜನೆಯನ್ನು ಕೈಬಿಟ್ಟು, ಬೆಳಿಗ್ಗೆ ಒಂಬತ್ತರ ಒಳಗೆ ಒಂದು ಸಲ, ಸಂಜೆ ಐದರ ನಂತರ ಇನ್ನೊಂದು ಸಲ ಹೋಗಿಬನ್ನಿ. ಅಂಗೈಯ ಹಿಂಭಾಗವನ್ನು ಮರಳಿನ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ ಅದರ ಪಾದಗಳೂ ಸುಡುತ್ತವೆ. ಮುಚ್ಚಿದ ಕಾರಿನಲ್ಲಿ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುವುದರಿಂದ, ಊಟ ಮುಗಿಸಿ ಬರುವವರೆಗೆ ಕಾರಿನಲ್ಲಿರಲಿ ಎಂಬ ಮಾತೇ ಬೇಡ.

ನಾಯಿಯ ಸಹಜ ಉಷ್ಣತೆ 38ರಿಂದ 39.2 ಡಿಗ್ರಿ, 41 ದಾಟಿದರೆ ಜೀವಕ್ಕೆ ಅಪಾಯ. ಏದುಸಿರು ನಿಲ್ಲದಿರುವುದು, ಜೊಲ್ಲು ಮಂದವಾಗುವುದು, ಒಸಡು ಕಡುಗೆಂಪಾಗುವುದು, ನಡೆ ತಡವರಿಸುವುದು ಕಂಡೊಡನೆ ನೆರಳಿಗೆ ತಂದು, ಹೊಟ್ಟೆ, ತೊಡೆಸಂದು, ಬೆನ್ನು ಸೇರಿ ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ. ಬಾವಿಯ ನೀರಾದರೂ ಸರಿ, ಕಡಲ ನೀರಾದರೂ ಸರಿ. ಮಂಜುಗಡ್ಡೆ ಹುಡುಕುತ್ತಾ ಹೊತ್ತು ಕಳೆಯಬೇಡಿ. ಒದ್ದೆ ಟವೆಲನ್ನು ಹೊದಿಸಿಬಿಟ್ಟರೆ ಅದು ಬೇಗನೆ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಮೈ ತಣ್ಣಗಾಗತೊಡಗಿದ ಮೇಲೆ ಆಸ್ಪತ್ರೆಗೆ ಹೊರಡಿ. ಅಷ್ಟರಲ್ಲಿ ಚೇತರಿಸಿಕೊಂಡಂತೆ ಕಂಡರೂ ಹೋಗಲೇಬೇಕು, ಏಕೆಂದರೆ ಮೂತ್ರಪಿಂಡಕ್ಕೆ ಆದ ಹಾನಿ ಒಂದೆರಡು ದಿನ ತಡವಾಗಿ ತಿಳಿಯುವುದುಂಟು.

ಇನ್ನು ಉಪ್ಪುನೀರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಲ್ಯಾಬ್‌ಗಳು ಬಾಯಾರಿ ಕುಡಿಯುವುದಕ್ಕಿಂತ ಹೆಚ್ಚಾಗಿ, ಎಸೆದ ಚೆಂಡನ್ನು ಅಲೆಯಿಂದ ಕಚ್ಚಿ ತರುವಾಗ ಗುಟುಕು ಗುಟುಕಾಗಿ ನುಂಗುತ್ತವೆ. ಆದ್ದರಿಂದ ನೀರಿನಲ್ಲಿ ಚೆಂಡಾಟ ಬೇಡ. ಮರಳಿನ ಮೇಲೆಯೂ ಬೇಡ, ಏಕೆಂದರೆ ಚೆಂಡಿಗೆ ಅಂಟಿದ ಮರಳು ಹೊಟ್ಟೆಗೆ ಸೇರಿ ಕರುಳು ಕಟ್ಟಿಕೊಂಡ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ಸ್ವಲ್ಪ ಉಪ್ಪುನೀರಿಗೆ ಒಂದೆರಡು ಬಾರಿ ಭೇದಿಯಾಗಿ ನಿಲ್ಲಬಹುದು. ವಾಂತಿ, ತೂರಾಟ, ನಡುಕ ಕಂಡರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಗಾಬರಿಯಿಂದ ಒಮ್ಮೆಲೇ ಬಕೆಟ್ ನೀರು ಕುಡಿಸಬಾರದು. ಮನೆಯಿಂದಲೇ ಮೂರು ಲೀಟರ್ ಕುಡಿಯುವ ನೀರು ಒಯ್ದು, ಕಾಲುಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುತ್ತಿದ್ದರೆ ಕಡಲ ನೀರಿಗೆ ಬಾಯಿ ಹಾಕುವುದು ತಾನಾಗಿ ಕಡಿಮೆಯಾಗುತ್ತದೆ.

ಉತ್ತರ: ಕಡಲತಡಿಯವನು, ಬೈಂದೂರು ತಾಲೂಕು

ಡಾಕ್ಟರರು ಬಾಯಿಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಬಲೆ ಎಳೆದ ಜಾಗದಲ್ಲಿ ಬೇಡದ ಮೀನುಗಳನ್ನು ಮರಳಿನ ಮೇಲೆಯೇ ಬಿಟ್ಟಿರುತ್ತಾರೆ. ಅವುಗಳಲ್ಲಿ ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನು ಇದ್ದರೆ, ಸತ್ತು ಒಣಗಿದ್ದರೂ ಅದರ ವಿಷ ಹೋಗಿರುವುದಿಲ್ಲ. ಮೀಸೆಯಿರುವ ಮೀನುಗಳ ಬೆನ್ನಿನ ಮುಳ್ಳು ಗರಗಸದಂತಿದ್ದು, ಪಾದಕ್ಕೋ ಬಾಯಿಗೋ ಚುಚ್ಚಿದರೆ ಎಳೆದು ತೆಗೆಯುವಾಗಲೇ ಹೆಚ್ಚು ಸೀಳುತ್ತದೆ. ದಡಕ್ಕೆ ಬಿದ್ದ ಜೆಲ್ಲಿಫಿಶ್ ಸತ್ತ ಮೇಲೂ ಕುಟುಕುತ್ತದೆ. ಮಳೆಗಾಲ ಸಮೀಪಿಸಿದಂತೆ ಕೆಲವೆಡೆ ಡಾಂಬರಿನ ಉಂಡೆಗಳೂ ತೇಲಿಬರುತ್ತವೆ. ಕಾಲಿಗೆ ಅಂಟಿದರೆ ಸೀಮೆಎಣ್ಣೆ ಹಚ್ಚದೆ ಅಡುಗೆ ಎಣ್ಣೆಯಿಂದ ಉಜ್ಜಿ, ಆಮೇಲೆ ಸೋಪಿನಿಂದ ತೊಳೆಯಿರಿ. ಒಣಮೀನು ಹರಡಿದಲ್ಲಿಗೆ ನಾಯಿಯನ್ನು ಬಿಡಬೇಡಿ, ಅದು ಒಂದು ಮನೆಯ ಅನ್ನದ ಪ್ರಶ್ನೆ.

ಪ್ರಶ್ನೆ ಕೇಳಿದವರು

ಇಡೀ ದಿನದ ಯೋಜನೆಯನ್ನು ಬದಲಾಯಿಸಿದ್ದೇವೆ. ಪಗ್ ವಿಷಯವನ್ನೂ, ಬೀದಿನಾಯಿಗಳ ವಿಷಯವನ್ನೂ ಹೇಳಬಹುದೇ?

ಉತ್ತರ: ಪಶುವೈದ್ಯೆ, ಶಿವಮೊಗ್ಗ

ರೇಬೀಸ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ಲಸಿಕೆಗಳ ಅವಧಿ ಮುಗಿದಿದ್ದರೆ ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ಹಾಕಿಸಿ, ಚೀಟಿಯನ್ನು ಜೊತೆಗಿಟ್ಟುಕೊಳ್ಳಿ. ತೀರದ ನಾಯಿಗಳು ಗುಂಪಾಗಿ ಬಂದರೆ ನಿಮ್ಮದನ್ನು ಓಡಲು ಬಿಡದೆ, ನೀವೂ ಓಡದೆ, ನಿಧಾನವಾಗಿ ಹಿಂದೆ ಸರಿಯಿರಿ. ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಮೀಯಿಸಿ, ಬೆರಳಸಂದು ಮತ್ತು ಜೋಲುವ ಕಿವಿಯ ಒಳಭಾಗವನ್ನು ಒರೆಸಿ ಒಣಗಿಸಿ. ಮರುದಿನ ಬಾಲ ಎತ್ತಲಾಗದೆ ನೇತಾಡಿದರೆ ಮುರಿದಿದೆ ಎಂದು ಗಾಬರಿಯಾಗಬೇಡಿ; ಹೆಚ್ಚು ಈಜಿದ ಲ್ಯಾಬ್‌ಗಳಲ್ಲಿ ಬಾಲದ ಬುಡದ ಸ್ನಾಯು ನೋಯುವುದು ಸಾಮಾನ್ಯ, ವಿಶ್ರಾಂತಿ ಕೊಟ್ಟರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಪಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿ ಕೇಳಿಸಬಹುದು. ಮೋಟು ಮೂಗಿನ ನಾಯಿಗೆ ಗಾಳಿಯ ದಾರಿಯೇ ಇಕ್ಕಟ್ಟು. ಏಪ್ರಿಲ್ ತಿಂಗಳ ಕರಾವಳಿ, ಅದೂ ಎಂಟು ಹತ್ತು ಗಂಟೆಯ ಕಾರಿನ ಪ್ರಯಾಣದ ಬಳಿಕ, ಅದಕ್ಕೆ ಹೇಳಿದ್ದಲ್ಲ. ತಮ್ಮನವರು ಡಿಸೆಂಬರ್ ಅಥವಾ ಜನವರಿಯಲ್ಲಿ ಕರೆದುಕೊಂಡು ಹೋಗಲಿ. ಈ ಬಾರಿ ಅದು ಬೆಂಗಳೂರಿನಲ್ಲಿಯೇ ಪರಿಚಿತರ ಮನೆಯಲ್ಲಿರಲಿ.