‘ಪುನರ್ವಿಂಗಡಣೆ’: ಎರಡು ಕೆಲಸಗಳಿಗೆ ಒಂದೇ ಪದ ಸಾಕೇ?

ಬಲ್ಲವರೆಲ್ಲರಿಗೂ ನಮಸ್ಕಾರ.

ಲೋಕಸಭಾ ಕ್ಷೇತ್ರಗಳ ಚರ್ಚೆ ಎದ್ದಾಗಲೆಲ್ಲ ನಮ್ಮ ಪತ್ರಿಕೆಗಳು ‘ಕ್ಷೇತ್ರ ಪುನರ್ವಿಂಗಡಣೆ’ ಎಂದೋ ‘ಮರುವಿಂಗಡಣೆ’ ಎಂದೋ ಬರೆಯುತ್ತವೆ. ಪುನರ್ ಇರಲಿ, ಮರು ಇರಲಿ, ನನ್ನ ತಕರಾರಿಲ್ಲ. ಆದರೆ ಈ ಒಂದೇ ಪದದೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. “2008ರಲ್ಲಿ ಪುನರ್ವಿಂಗಡಣೆ ಆಗಿದೆ, ಹಾಗಿದ್ದ ಮೇಲೆ 1976ರಿಂದ ಅದನ್ನು ತಡೆದಿಟ್ಟಿದ್ದಾರೆ ಎನ್ನುವುದು ಹೇಗೆ?” ಎಂದು ಓದುಗರು ಕೇಳಿದರೆ ತಪ್ಪು ಅವರದಲ್ಲ, ಪದದ್ದು.

ಎರಡೂ ಮಾತು ನಿಜ. ಜನಸಂಖ್ಯೆಯನ್ನು ನೋಡಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂದು ಗೊತ್ತುಮಾಡುವುದು ಮೊದಲನೆಯ ಕೆಲಸ. ಸಂವಿಧಾನದ 82ನೇ ವಿಧಿಯಂತೆ ಪ್ರತಿ ಜನಗಣತಿಯ ನಂತರ ಇದು ಬದಲಾಗಬೇಕಿತ್ತು. 1976ರ 42ನೇ ತಿದ್ದುಪಡಿ ಅದನ್ನು 1971ರ ಜನಗಣತಿಗೇ ನಿಲ್ಲಿಸಿತು. ಆಮೇಲೆ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಮುಂದಕ್ಕೆ ಹಾಕಿತು. ಜನಸಂಖ್ಯೆಯ ಏರಿಕೆಯನ್ನು ಹಿಡಿತಕ್ಕೆ ತಂದ ದಕ್ಷಿಣದ ರಾಜ್ಯಗಳ ಆತಂಕವೆಲ್ಲ ಈ ಕೆಲಸದ ಬಗ್ಗೆ. ಅದು ನ್ಯಾಯವಾದ ಆತಂಕ ಎಂದೇ ನಾನು ನಂಬಿದ್ದೇನೆ.

ರಾಜ್ಯದ ಒಳಗೆ ಗೆರೆ ಎಳೆಯುವುದು ಎರಡನೆಯ ಕೆಲಸ. 2008ರಲ್ಲಿ ಜಾರಿಗೆ ಬಂದದ್ದು ಇದು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯನ್ನು ಆಧರಿಸಿ ಕರಡು ಸಿದ್ಧಪಡಿಸಿ, ಆಕ್ಷೇಪಣೆ ಆಲಿಸಿ ಆದೇಶ ಹೊರಡಿಸಿತು. ಸಂಸದರೂ ಶಾಸಕರೂ ಸಹಸದಸ್ಯರಾಗಿ ಕುಳಿತರು, ಆದರೆ ಅವರಿಗೆ ಮತದ ಹಕ್ಕಿರಲಿಲ್ಲ. ಕನಕಪುರ ಲೋಕಸಭಾ ಕ್ಷೇತ್ರ ಇಲ್ಲವಾಯಿತು, ಬೆಂಗಳೂರು ಸೆಂಟ್ರಲ್ ಹುಟ್ಟಿತು. 1978ರಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿದ ಚಿಕ್ಕಮಗಳೂರು ಉಡುಪಿಯ ಜೊತೆ ಸೇರಿತು. ರಾಯಚೂರು, ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಇಷ್ಟೆಲ್ಲ ಆದರೂ ಕರ್ನಾಟಕದ ಒಟ್ಟು ಸ್ಥಾನ 28 ಇದ್ದದ್ದು 28 ಆಗಿಯೇ ಉಳಿಯಿತು. ಒಂದೊಂದು ಲೋಕಸಭಾ ಕ್ಷೇತ್ರದಲ್ಲಿ ಎಂಟೆಂಟು ವಿಧಾನಸಭಾ ಕ್ಷೇತ್ರ, ಒಟ್ಟು 224.

ಈಗ ಪದಗಳ ವಿಷಯ. ಮೊದಲನೆಯದಕ್ಕೆ ‘ಸ್ಥಾನ ಹಂಚಿಕೆ’ ಎನ್ನೋಣವೆಂದರೆ, ಚುನಾವಣೆಯ ಕಾಲದಲ್ಲಿ ಮೈತ್ರಿಪಕ್ಷಗಳು ಸೀಟುಗಳನ್ನು ತಮ್ಮೊಳಗೆ ಹಂಚಿಕೊಳ್ಳುವುದಕ್ಕೆ ಆ ಮಾತು ಆಗಲೇ ಸಂದುಹೋಗಿದೆ. ‘ರಾಜ್ಯವಾರು ಸ್ಥಾನ ನಿಗದಿ’ ಸ್ವಲ್ಪ ಉದ್ದ, ಆದರೂ ಗೊಂದಲವಿಲ್ಲ.

ಎರಡನೆಯದು ಹೆಚ್ಚು ಕಷ್ಟ. ‘ಗಡಿ’ ಎಂದೊಡನೆ ಕನ್ನಡಿಗರಿಗೆ ಬೆಳಗಾವಿಯೂ ಕಾಸರಗೋಡೂ ನೆನಪಾಗುತ್ತವೆ. ‘ಸೀಮಾ ನಿರ್ಣಯ’ ಕಡತದ ಭಾಷೆಯಂತಿದೆ. ಭೂಮಾಪನ ಇಲಾಖೆಯಲ್ಲಿ ಹದ್ದುಬಸ್ತು, ಪೋಡಿ ಎಂಬ ಎರಡು ಗಟ್ಟಿ ಪದಗಳಿವೆ. ಅವನ್ನು ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಹದ್ದುಬಸ್ತು ಎಂದರೆ ದಾಖಲೆಯಲ್ಲಿ ಆಗಲೇ ಇರುವ ಎಲ್ಲೆಯನ್ನು ಅಳೆದು ನೆಲದ ಮೇಲೆ ತೋರಿಸುವುದು. ಹೊಸ ಎಲ್ಲೆ ಹಾಕುವುದಲ್ಲ. ಪೋಡಿಯಲ್ಲಿ ಹೊಸ ಎಲ್ಲೆ ಮೂಡುತ್ತದೆ, ಒಂದು ಸರ್ವೆ ನಂಬರು ಒಡೆದು ಹಲವಾಗುತ್ತದೆ. ಆದರೆ ಆಯೋಗ ಬರಿದೇ ಒಡೆಯುವುದಿಲ್ಲ. ಒಂದು ಕಡೆಯ ಹೋಬಳಿಯನ್ನು ಬಿಡಿಸಿ ಇನ್ನೊಂದು ಕಡೆಗೆ ಕೂಡಿಸುತ್ತದೆ. ಆದ್ದರಿಂದ ಎರಡೂ ಪೂರ್ತಿ ಹೊಂದುವುದಿಲ್ಲ. ಸದ್ಯಕ್ಕೆ ನನ್ನ ಒಲವು ‘ಎಲ್ಲೆ ನಿಗದಿ’ಯ ಕಡೆಗೆ. ‘ಪುನರ್ವಿಂಗಡಣೆ’ ಎರಡನ್ನೂ ಒಳಗೊಂಡ ಹಿರಿಯ ಪದವಾಗಿ ಉಳಿಯಲಿ.

ನನ್ನ ಪ್ರಶ್ನೆಗಳು ಇಷ್ಟು: ಒಡೆದು ಮತ್ತೆ ಕೂಡಿಸುವ ಕೆಲಸಕ್ಕೆ ಭೂಮಾಪಕರಲ್ಲಿ, ಶ್ಯಾನುಭೋಗರ ಹಳೆಯ ಕಡತಗಳಲ್ಲಿ ಬೇರೆ ಪದವಿತ್ತೇ? 1952 ಮತ್ತು 1963ರ ಆಯೋಗಗಳ ಕಾಲದ ಕನ್ನಡ ಪತ್ರಿಕೆಗಳು ಈ ಕೆಲಸವನ್ನು ಏನೆಂದು ಕರೆದವು? ಹಳೆಯ ಸಂಚಿಕೆಗಳನ್ನು ನೋಡಬಲ್ಲವರು ಬಳಕೆಯ ವಾಕ್ಯವನ್ನೇ ಉಲ್ಲೇಖಿಸಿ ತಿಳಿಸಿದರೆ ಉಪಕಾರವಾಗುತ್ತದೆ.