ಸಹಾಯ ಬೇಕು: ಭೇದಿ ಮರುಕಳಿಸದಂತೆ ಮಗುವಿಗೆ ಪೌಷ್ಟಿಕ ಪೂರಕ ಕೊಡಬಹುದೇ?

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನನ್ನ ಎಂಟು ತಿಂಗಳ ಮಗಳಿಗೆ ವೈರಸ್‌ನಿಂದ ಭೇದಿ ಹತ್ತಿತ್ತು. ಕಣ್ಣು ಗುಳಿಬಿದ್ದಿತ್ತು, ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ಆ ರಾತ್ರಿ ನೆನೆದರೆ ಈಗಲೂ ಎದೆ ನಡುಗುತ್ತದೆ. ಓಆರ್‌ಎಸ್ ಜೊತೆಗೆ ವೈದ್ಯರು ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು 14 ದಿನಕ್ಕೆ ಬರೆದುಕೊಟ್ಟರು. ಚಮಚದಲ್ಲಿ ಎದೆಹಾಲಿಗೆ ಕರಗಿಸಿ ಕುಡಿಸಿದೆ.

ರೋಟಾವೈರಸ್ ಲಸಿಕೆ ಪೂರ್ತಿಯಾಗಿದೆ, ಆದರೆ ಅದು ಭೇದಿ ತರುವ ಇನ್ನೊಂದು ವೈರಸ್ಸಾದ ನೊರೊವೈರಸ್ಸನ್ನು ತಡೆಯುವುದಿಲ್ಲವಲ್ಲ! ಮುನ್ನೆಚ್ಚರಿಕೆಯಾಗಿ ಜಿಂಕ್ ಮುಂದುವರಿಸಬಹುದೇ? ಅತಿಯಾದರೆ ವಾಂತಿಯಾಗುತ್ತದೆ, ದೇಹ ತಾಮ್ರ ಹೀರಿಕೊಳ್ಳುವುದೂ ಕುಗ್ಗುತ್ತದೆ. ಅದಕ್ಕೇ ಕೇಳದೆ ಕೊಡಲು ಧೈರ್ಯವಿಲ್ಲ. ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಹನಿಗಳಿಂದ ನಿಜಕ್ಕೂ ಪ್ರಯೋಜನವಿದೆಯೇ? ಎದೆಹಾಲನ್ನಂತೂ ನಿಲ್ಲಿಸಿಲ್ಲ. ಗುಂಪಿನಲ್ಲಿರುವ ಮಕ್ಕಳ ವೈದ್ಯರು, ದಾದಿಯರು ದಯವಿಟ್ಟು ತಿಳಿಸಿ.