ಊರಿನವರೇ ಸೇರಿ ಮನೆ ಕಟ್ಟಿಸಿಕೊಡುವಾಗ ಜಾಗ ಯಾರ ಹೆಸರಿನಲ್ಲಿರಬೇಕು?

ಪ್ರಶ್ನೆ: ಯುವಕ ಮಂಡಲದ ಕಾರ್ಯದರ್ಶಿ, ಕಾಪು

ಮಾನ್ಯರೇ, ನಮ್ಮ ಮಂಡಲವು ಈವರೆಗೆ ಬಡ ಕುಟುಂಬಗಳ ಮನೆ ದುರಸ್ತಿಗೆ ಮಾತ್ರ ನೆರವಾಗುತ್ತಿತ್ತು. ಮುಂಬಯಿಯಲ್ಲಿಯೂ ಗಲ್ಫ್‌ನಲ್ಲಿಯೂ ಇರುವ ಊರಿನವರು ಈ ಬಾರಿ ದೊಡ್ಡ ಮೊತ್ತದ ದೇಣಿಗೆಗೆ ಒಪ್ಪಿರುವುದರಿಂದ, ಬಾಡಿಗೆ ಬಿಡಾರಗಳಲ್ಲಿರುವ ನಾಲ್ಕು ಕುಟುಂಬಗಳಿಗೆ ಜಾಗ ಖರೀದಿಸಿ ಮನೆ ಕಟ್ಟಿಸಿಕೊಡುವ ಯೋಚನೆಯಿದೆ. 20 ಸೆಂಟ್ಸ್ ಜಾಗವೊಂದನ್ನು ನೋಡಿದ್ದೇವೆ. ಜಾಗ ಮಂಡಲದ ಹೆಸರಿನಲ್ಲಿಯೇ ಉಳಿದರೆ ನಾಳೆ ಯಾರೂ ಮಾರಿ ಹೋಗಲಾರರು ಎಂದು ಕೆಲವು ಸದಸ್ಯರು ಹೇಳಿದರೆ, ಇನ್ನು ಕೆಲವರು ಸ್ವಂತ ಹೆಸರಿಲ್ಲದ ಮನೆಯಲ್ಲಿ ಆ ಕುಟುಂಬಗಳು ಎಂದಿಗೂ ಒಕ್ಕಲಿನವರಂತೆಯೇ ಇರಬೇಕಾಗುತ್ತದೆ ಎನ್ನುತ್ತಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ: ಪಂಚಾಯತ್ ಸೇವೆಯಿಂದ ನಿವೃತ್ತ, ಬ್ರಹ್ಮಾವರ

ಹೆಸರಿನ ವಿಚಾರಕ್ಕೆ ಮೊದಲು ಜಾಗದ ಸ್ವರೂಪವನ್ನು ನೋಡಿಕೊಳ್ಳಿ. ಅದು ಕೃಷಿ ಜಾಗವಾಗಿದ್ದರೆ ಭೂಪರಿವರ್ತನೆಯಾಗಬೇಕು, ವಿನ್ಯಾಸ ನಕ್ಷೆಗೆ ಅನುಮೋದನೆ ಸಿಗಬೇಕು, ಆ ಬಳಿಕವಷ್ಟೇ ಪಂಚಾಯತ್ ಆಸ್ತಿಗಳ ಗಣಕೀಕೃತ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ದೊರೆಯುತ್ತದೆ. ನಮ್ಮ ಕಡೆ ಎಲ್ಲರೂ ‘ನೈನ್ ಇಲೆವೆನ್’ ಎನ್ನುವ ಈ ಕಾಗದಗಳಿಲ್ಲದೆ ಬ್ಯಾಂಕಿನವರು ಮಾತಿಗೂ ಸಿಗುವುದಿಲ್ಲ. 20 ಸೆಂಟ್ಸನ್ನು ನಾಲ್ಕು ಪಾಲು ಮಾಡಿದರೆ ರಸ್ತೆಗೂ ಜಾಗ ಬಿಡಬೇಕಾಗುವುದರಿಂದ, ತಲಾ ಐದು ಸೆಂಟ್ಸ್ ಎಂಬ ಲೆಕ್ಕ ಉಳಿಯುವುದಿಲ್ಲ.

ಇನ್ನು ಹೆಸರು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಉದ್ಯೋಗ ಖಾತರಿಯ 90 ಮಾನವ ದಿನಗಳ ಕೂಲಿ, ಶೌಚಾಲಯಕ್ಕೆ 12,000 ರೂಪಾಯಿ ಬೇರೆ. ಇಷ್ಟರಲ್ಲಿ ಮನೆ ಆಗದು ನಿಜ, ಆದರೆ ಬಿಟ್ಟುಬಿಡುವಷ್ಟು ಚಿಕ್ಕ ಮೊತ್ತವೂ ಅಲ್ಲ. ಇಂಥ ಯೋಜನೆಗಳಲ್ಲಿ ಕೇಳುವುದು ಫಲಾನುಭವಿಯ ಹೆಸರಿನ ನಿವೇಶನವನ್ನು, ಸಂಘದ ಹೆಸರಿನದ್ದನ್ನಲ್ಲ. ಆದ್ದರಿಂದ ಮನೆಯೊಡತಿಯ ಹೆಸರಿಗೇ ದಾನಪತ್ರ ನೋಂದಣಿ ಮಾಡಿಸುವುದು ಲೇಸು. ಎಂದಿಗೂ ಮಾರಬಾರದೆಂದು ಅದರಲ್ಲಿ ಬರೆಸಲು ಹೋಗಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಮಿನಂತೆ ಅಂತಹ ಸಂಪೂರ್ಣ ನಿರ್ಬಂಧ ಊರ್ಜಿತವಾಗುವುದಿಲ್ಲ. ಮಾರುವುದಾದರೆ ಮೊದಲು ಮಂಡಲಕ್ಕೆ ತಿಳಿಸಬೇಕೆಂಬಂತಹ ಸೀಮಿತ ಷರತ್ತನ್ನು ವಕೀಲರ ಬಳಿ ಚರ್ಚಿಸಿ ಸೇರಿಸಬಹುದು.

ಉತ್ತರ: ಸಹಕಾರ ಸಂಘದ ನಿರ್ದೇಶಕ, ಮಂಗಳೂರು

ಹಿರಿಯರ ಮಾತಿಗೆ ನನ್ನ ಸಣ್ಣ ಆಕ್ಷೇಪವಿದೆ. ಕೂಳೂರು, ಪಡೀಲು ಕಡೆ ಜಾಗದ ಬೆಲೆ ಏರಿದ ರೀತಿಯನ್ನು ಕಂಡವರು, ಒಮ್ಮೆ ಕೈಬಿಟ್ಟ ಜಾಗ ಮತ್ತೆ ಬಡವರ ಕೈಗೆ ಬರುತ್ತದೆಂದು ನಂಬುವುದಿಲ್ಲ. 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ಜನಾಂಗದ ರೈತರಿಗಾಗಿ ಆರಂಭವಾದ ಸಮುದಾಯ ಭೂ ಟ್ರಸ್ಟ್ ಎಂಬ ವ್ಯವಸ್ಥೆ ಮುಂದೆ ವಸತಿಗೂ ಹಬ್ಬಿತು. ಅದರಲ್ಲಿ ನೆಲ ಟ್ರಸ್ಟಿನದು, ಮನೆ ಕುಟುಂಬದ್ದು, ನಡುವೆ ಸಾಮಾನ್ಯವಾಗಿ 99 ವರ್ಷಗಳ ಗುತ್ತಿಗೆ. ಸರ್ಕಾರದ ಸಹಾಯಧನ ಬೇಡವೆನ್ನುವಷ್ಟು ದೇಣಿಗೆ ನಿಮ್ಮಲ್ಲಿದ್ದರೆ ನೋಂದಾಯಿತ ದೀರ್ಘಾವಧಿ ಗುತ್ತಿಗೆಯನ್ನು ಪರಿಶೀಲಿಸಬಹುದು. ಪದಾಧಿಕಾರಿಗಳು ಬದಲಾದಾಗ ಮಂಡಲವೇ ಜಗಳಕ್ಕೆ ಬಿದ್ದರೆ ಏನು ಗತಿ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಸಂಘ ಸಂಸ್ಥೆಗಳ ಮಹಾಸಭೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉತ್ತರ: ಸಿವಿಲ್ ಎಂಜಿನಿಯರ್, ಉಡುಪಿ

ಕಟ್ಟಡದ ಬಗ್ಗೆ ಯಾರೂ ಹೇಳದ ಕಾರಣ ನಾಲ್ಕು ಮಾತು. ದೀಪಾವಳಿ ಮುಗಿದೊಡನೆ ಪಂಚಾಂಗದ, ಅಂದರೆ ಅಡಿಪಾಯದ, ಕೆಲಸ ಹಿಡಿಯಿರಿ. ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ಮಾಡು (ಛಾವಣಿ) ಹೊದೆಸಿ ಆಗಲೇಬೇಕು. ಕಂತಿನ ಹಣಕ್ಕೆ ಕಾಯುತ್ತ ಲಿಂಟಲ್ ಮಟ್ಟದಲ್ಲಿ ನಿಂತ ಕೆಂಪುಕಲ್ಲಿನ ಗೋಡೆ ಆಟಿ ತಿಂಗಳ (ಆಷಾಢದ) ಮಳೆಗೆ ಸಿಕ್ಕಿದರೆ, ಮೇಲೆ ಎಷ್ಟು ಟರ್ಪಾಲು ಹೊದೆಸಿದರೂ ಸಂದಿನ ಗಾರೆ ತೊಳೆದುಹೋಗಿ, ಕಲ್ಲಿನ ತೂತುಗಳಲ್ಲಿ ಪಾಚಿ ಹಿಡಿದು, ಮರುವರ್ಷ ಮೇಲಿನ ಸಾಲುಗಳನ್ನು ಕಿತ್ತು ಕಟ್ಟಬೇಕಾಗುತ್ತದೆ. ದಾನಿಗಳ ಹಣವನ್ನು ಮೊದಲು ಮಾಡಿನವರೆಗೆ ಬಳಸಿ, ಸರ್ಕಾರದ ಕಂತು ಬಂದಾಗ ನೆಲ ಮತ್ತು ಗಾರೆಗೆ ಹಾಕುವುದು ಜಾಣತನ.

ತಾರಸಿಯೇ ಬೇಕೆಂಬ ಹಟವನ್ನು ಬಿಟ್ಟರೆ ಖರ್ಚು ಗಣನೀಯವಾಗಿ ತಗ್ಗುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಈ ಜಿಲ್ಲೆಗಳಲ್ಲೇ ಹೆಂಚಿನ ಮನೆಯೆಂದರೆ ಕೀಳೆಂಬ ಭಾವನೆ ಬೆಳೆದಿರುವುದು ವಿಚಿತ್ರ. ಹಳೆ ಮನೆ ಕೆಡವಿದಲ್ಲಿ ಗಟ್ಟಿ ಹೆಂಚುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಹೆಂಚನ್ನು ಹೊರುವ ಪಕ್ಕಾಸು, ರೀಪುಗಳನ್ನು ಮರದ ಬದಲು ಕಬ್ಬಿಣದ್ದು ಹಾಕಿದರೆ ಗೆದ್ದಲಿನ ಭಯವೂ ಇಲ್ಲ.

ಫಲಾನುಭವಿಗಳ ಆಯ್ಕೆಗೆ ಉಡುಪಿಯ ಯಕ್ಷಗಾನ ಕಲಾರಂಗ ಎಂಬ ಸಂಸ್ಥೆಯವರನ್ನು ಕಂಡು ಮಾತಾಡಿ. ತಮ್ಮ ವಿದ್ಯಾಪೋಷಕ್ ಎಂಬ ವಿದ್ಯಾರ್ಥಿವೇತನ ಯೋಜನೆಯ ನೆರವು ಪಡೆಯುವ ವಿದ್ಯಾರ್ಥಿಗಳ ಮನೆಗಳಿಗೆ ಸ್ವತಃ ಭೇಟಿ ನೀಡಿ, ಸ್ಥಿತಿಗತಿ ತಿಳಿದು, ದಾನಿಗಳ ಮೂಲಕ ಮನೆ ಕಟ್ಟಿಸಿಕೊಡುವ ಕ್ರಮ ಅವರಲ್ಲಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸಹಾಯಧನವನ್ನು ಬಿಡುವ ಶಕ್ತಿ ನಮಗಿಲ್ಲವಾದ್ದರಿಂದ, ದಾನಪತ್ರದ ದಾರಿಯನ್ನೇ ಸಭೆಯ ಮುಂದಿಡುತ್ತೇನೆ. ನಾವು ನೋಡಿದ ಜಾಗ ದೊಡ್ಡ ಸರ್ವೆ ನಂಬರಿನ ಒಂದು ಭಾಗ, ಪರಿವರ್ತನೆಯೂ ಆಗಿಲ್ಲ. ಮಾಲೀಕರು ಈ ವಾರವೇ ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಪಂಚಾಯತ್ ಸೇವೆಯಿಂದ ನಿವೃತ್ತ, ಬ್ರಹ್ಮಾವರ

ಮುಂಗಡ ಕೊಡಬೇಡಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ ಬೇಕಾಗುವ 11ಇ ಅಳತೆ ನಕ್ಷೆಗೆ ಮಾಲೀಕರೇ ಅರ್ಜಿ ಹಾಕಲಿ. ಅಳತೆಯಾಗಿ, ದಾರಿಯ ಹಕ್ಕು ಸ್ಪಷ್ಟವಾಗಿ, ಪರಿವರ್ತನೆ ಆಗುತ್ತದೆಂಬುದು ಖಚಿತವಾದ ಮೇಲೆ ಕರಾರು ಬರೆಸಿಕೊಳ್ಳಿ. ಅದಕ್ಕೆ ಅವರು ಒಪ್ಪದಿದ್ದರೆ ಬೇರೆ ಜಾಗ ಹುಡುಕಿ.